12 ವೋಲ್ಟಿನ ಸಿಡಿಲು

ಗಂಡಸಿ ಹ್ಯಾಂಡ್‌ಪೋಸ್ಟಿನಲ್ಲಿ ಕಾರು ನಿಲ್ಲಿಸಿದ್ದು ಟೀ ಕುಡಿಯುವುದಕ್ಕಲ್ಲ, ಎಡಗಡೆ ಹೆಡ್‌ಲೈಟ್ ಕೈಕೊಟ್ಟಿತ್ತು. ಅರಸೀಕೆರೆ ಬಿಡುವಾಗ ಮಿಣಮಿಣ ಎಂದದ್ದು, ಇಲ್ಲಿಗೆ ಬರುವಷ್ಟರಲ್ಲಿ ಪೂರ್ತಿ ಕತ್ತಲು. ತೆಂಗಿನಕಾಯಿ ಲಾರಿಗಳ ಹಿಂದೆ ಡೈನಮೊ, ಸ್ಟಾರ್ಟರ್ ಗುಡ್ಡೆ ಹಾಕಿಕೊಂಡು ಕೂತಿದ್ದ ಆಟೊ ಎಲೆಕ್ಟ್ರಿಷಿಯನ್ ಬಾನೆಟ್ ಎತ್ತಿದವನೇ ಕೈ ಹಿಂದಕ್ಕೆಳೆದುಕೊಂಡ.

"ಇದು ಝೆನಾನ್ ಸಾರ್. ಮೊದ್ಲು ಬ್ಯಾಟ್ರಿ ವೈರ್ ಬಿಚ್ತೀನಿ. ನೀವೂ ಮುಟ್ಬೇಡಿ."

"12 ವೋಲ್ಟಿಗೆ ಇಷ್ಟು ಹೆದರೋದೇನಪ್ಪಾ?"

"12 ಇರೋದು ಬ್ಯಾಟ್ರೀಲಿ. ಬಲ್ಬಿಗೆ ಹೋಗೋದು 20 ಸಾವ್ರ."

ಹೆಚ್ಚು ಹೇಳಲಿಲ್ಲ ಅವನು. ಮಾಮೂಲಿ ಹ್ಯಾಲೊಜೆನ್ ಬಲ್ಬಿನಲ್ಲಿ ಕಾಯಿಸುವುದಕ್ಕೆ ಒಂದು ತಂತಿ ಇರುತ್ತದೆ, ಇದರಲ್ಲಿ ಅದೂ ಇಲ್ಲ. ಕಡಲೆಕಾಳಿನಷ್ಟು ಗಾಜಿನ ಗುಳ್ಳೆ, ಒಳಗೆ ಒತ್ತಿ ತುಂಬಿದ ಝೆನಾನ್ ಅನಿಲ, ಚೂರು ಲೋಹದ ಲವಣ, ಎದುರುಬದುರು ಎರಡು ಮೊನೆ. ಮೊನೆಗಳ ನಡುವಿನ ಸಂದು ಸುಮಾರು 4 ಮಿಲಿಮೀಟರ್, ಅಕ್ಕಿಕಾಳಿಗಿಂತ ಗಿಡ್ಡ. ಆ ಸಂದನ್ನು ದಾಟಿಸಲು 20 ಸಾವಿರ ವೋಲ್ಟಿಗೂ ಮೀರಿದ ಒಂದು ಏಟು ಬೇಕು. ಕಿವಿ ಚುರುಕಾಗಿದ್ದರೆ 'ಟಿಕ್' ಎಂದು ಕೇಳುತ್ತದೆ. ದಾಟಿದ ಮರುಗಳಿಗೆಯಿಂದ ಅದೇ ಬಲ್ಬಿಗೆ 85 ವೋಲ್ಟ್ ಸಾಕು!

ನನಗೆ ಹುಚ್ಚು ಹಿಡಿಸಿದ್ದು ಇದೇ. ಒಮ್ಮೆ ಹೊತ್ತಿಕೊಂಡ ಅನಿಲಕ್ಕೆ ಅಂಕೆ ಎಂಬುದಿಲ್ಲ. ಕರೆಂಟು ಹರಿದಷ್ಟೂ ದಾರಿ ಸಲೀಸಾಗಿ, ಇನ್ನಷ್ಟು ಎಳೆಯುತ್ತದೆ. ಬಿಟ್ಟರೆ ತನ್ನನ್ನೇ ಸುಟ್ಟುಕೊಂಡೀತು. ಎಬ್ಬಿಸುವುದಕ್ಕೆ ಚಾಟಿ, ಎದ್ದ ಮೇಲೆ ಲಗಾಮು. ಎರಡನ್ನೂ ಹಿಡಿದಿರುವುದು ಬ್ಯಾಲಸ್ಟ್ ಎಂಬ ಅಂಗೈಯಗಲದ ಅಲ್ಯೂಮಿನಿಯಂ ಡಬ್ಬಿ. ಎಲೆಕ್ಟ್ರಿಷಿಯನ್ ಬಾಯಲ್ಲಿ ಅದು 'ಚೋಕು'. ಸರಿಯಾದ ಹೆಸರೇ, ಟ್ಯೂಬ್‌ಲೈಟಿನ ಚೋಕ್ ಮಾಡುವುದೂ ಇದನ್ನೇ, ಸ್ವಲ್ಪ ಒರಟಾಗಿ.

ಡಬ್ಬಿ ಬ್ಯಾಟರಿಯ 12 ವೋಲ್ಟನ್ನು ಮೊದಲು ಕೆಲವು ನೂರಕ್ಕೆ ಏರಿಸುತ್ತದೆ. ಅಲ್ಲಿಂದ ಇಗ್ನೈಟರ್ ಆ ದೊಡ್ಡ ಏಟು ಕೊಡುತ್ತದೆ. ಬಳಿಕ ಡಬ್ಬಿ ಸೆಕೆಂಡಿಗೆ ನೂರಾರು ಸಲ ದಿಕ್ಕು ಬದಲಿಸುತ್ತ ಕರೆಂಟು ಕಳಿಸುತ್ತದೆ. ಒಂದೇ ದಿಕ್ಕಿಗೆ ಬಿಟ್ಟರೆ ಲವಣವೆಲ್ಲ ಒಂದು ಬದಿಗೆ ಸರಿದು, ಒಂದೇ ಮೊನೆ ಬೇಗ ಸವೆಯುತ್ತದೆ. ಸ್ಟೇಡಿಯಂ ದೀಪದಂತೆ ಬೆಳಗಲು ನಿಮಿಷಗಟ್ಟಲೆ ತೆಗೆದುಕೊಂಡರೆ ರಸ್ತೆಯಲ್ಲಿ ನಡೆಯುತ್ತದೆಯೇ? ಅದಕ್ಕೇ ಝೆನಾನ್, ಲವಣ ಕಾದು ಆವಿಯಾಗುವ ತನಕ ಬೆಳಕು ಅದರದ್ದು. ಮೊದಲ ಕೆಲವು ಸೆಕೆಂಡು ಡಬ್ಬಿಯೂ ಎರಡು ಪಾಲು ವಿದ್ಯುತ್ ಸುರಿದು, ಆಮೇಲೆ 35 ವ್ಯಾಟಿಗೆ ಇಳಿಸುತ್ತದೆ. 35 ವ್ಯಾಟಿಗೆ ಸುಮಾರು 3,200 ಲ್ಯೂಮೆನ್. 55 ವ್ಯಾಟಿನ ಹ್ಯಾಲೊಜೆನ್ ಡಿಪ್ಪಿನಲ್ಲಿ ಕೊಡುವುದು 1,000ದ ಆಸುಪಾಸು.

1991ರಲ್ಲಿ ಬಿಎಂಡಬ್ಲ್ಯು 7 ಸೀರೀಸ್‌ನೊಡನೆ ರಸ್ತೆಗಿಳಿದ ಈ ದೀಪವನ್ನು ಈಗ ಎಲ್‌ಇಡಿ ಮೂಲೆಗೆ ತಳ್ಳಿದೆ. ನನಗೇನೋ ಬೇಸರ. ಆದರೆ ಹ್ಯಾಲೊಜೆನ್‌ಗೆಂದು ಮಾಡಿದ ಹೆಡ್‌ಲೈಟ್ ಗೂಡಿಗೆ ಅಗ್ಗದ ಝೆನಾನ್ ಕಿಟ್ ತುರುಕಿ ಎದುರಿನವರ ಕಣ್ಣು ಕುಕ್ಕುವವರ ಮೇಲೆ ನನಗೆ ಯಾವ ಕನಿಕರವೂ ಇಲ್ಲ. 2024ರ ಜುಲೈಯಲ್ಲಿ ರಾಜ್ಯದ ಪೊಲೀಸರು ಕಣ್ಣು ಕೋರೈಸುವ ಹೆಡ್‌ಲೈಟುಗಳ ಮೇಲೆ ಕೇಸು ಹಾಕಲು ಹೊರಟಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ.

ಇತ್ತ ಎಲೆಕ್ಟ್ರಿಷಿಯನ್ ಬಟ್ಟೆಯಲ್ಲಿ ಹಿಡಿದು ಎರಡೂ ಕಡೆಯ ಬಲ್ಬುಗಳನ್ನು ಅದಲುಬದಲು ಮಾಡಿದ. ಕತ್ತಲು ಎಡಗಡೆಯೇ ಉಳಿಯಿತು. "ಬಲ್ಬ್ ಸತ್ತಿಲ್ಲ ಸಾರ್. ಸತ್ತಿದ್ರೆ ಗುಲಾಬಿ ಬಣ್ಣಕ್ಕೆ ತಿರುಗ್ತಿತ್ತು." ಮತ್ತೆ ಬ್ಯಾಟರಿ ವೈರ್ ತೆಗೆದು, ಒಂದು ಬೀಡಿ ಮುಗಿಯುವಷ್ಟು ಕಾದು, ಡಬ್ಬಿ ಬಿಚ್ಚಿದ. ರಬ್ಬರ್ ವಾಷರ್ ಬಿರಿದು ಒಳಗೆ ನೀರಿಳಿದಿತ್ತು. ಕನೆಕ್ಟರಿನ ತಾಮ್ರದ ಪಿನ್ನಿಗೆ ಹಸಿರು ಕಿಲುಬು. ಹಳೇ ಟೂತ್‌ಬ್ರಷ್ಷಿನಿಂದ ಉಜ್ಜಿ, ಪೆಟ್ರೋಲಿನಲ್ಲಿ ಒರೆಸಿ, ಬಿಸಿಲಿಗಿಟ್ಟ. ನಾನು ಎರಡು ಟೀ ಕುಡಿದೆ.

ಜೋಡಿಸುವಷ್ಟರಲ್ಲಿ ಮುಸ್ಸಂಜೆ. ಟಿಕ್. ಮೊದಲು ತೆಳುನೀಲಿ, ಹಾಗೇ ಬಲಿತು ಹಾಲುಬಿಳುಪು. ಎದುರಿನ ತೆಂಗಿನ ಮರದ ಬುಡದಲ್ಲಿ ಗೆರೆ ಗೆರೆ ಕಂಡಿತು. ಹಾಸನದ ಕಡೆಯಿಂದ ಬಂದ ಲಾರಿಯವನು ಎರಡು ಸಲ ಡಿಪ್ ಹೊಡೆದು ಏನೋ ಬೈದುಕೊಂಡು ಹೋದ.

"ಸ್ವಲ್ಪ ಕೆಳಕ್ಕೆ ಇಳಿಸ್ಬೇಕು ಸಾರ್" ಎಂದು ಎಲೆಕ್ಟ್ರಿಷಿಯನ್ ಸ್ಕ್ರೂಡ್ರೈವರ್ ಹುಡುಕತೊಡಗಿದ.