ಒಂದು ಯೂನಿಟ್ ಕರೆಂಟಿಗೆ ಎಷ್ಟು ದೂರ?

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರದು ಹೂವಿನ ವ್ಯಾಪಾರ. ಬೆಳಗಿನ ಜಾವವೇ ಪೇಟೆಗೆ ಹೋಗಬೇಕು. ಹೂವು ಕೊಳ್ಳಬೇಕು. ಗುಡಿಗೆ, ಅಂಗಡಿಗೆ, ಮನೆ ಮನೆಗೆ ಕೊಟ್ಟು ಬರಬೇಕು. ದಿನಕ್ಕೆ 60 ಕಿಲೋಮೀಟರ್ ಓಡಾಟ. ಹೋದ ವರ್ಷ ಅವರು ಸಂಘದಲ್ಲಿ ಸಾಲ ಮಾಡಿ ಕರೆಂಟ್ ಸ್ಕೂಟರ್ ಕೊಂಡರು. "ಒಂದು ಸಲ ಚಾರ್ಜ್ ಮಾಡಿದರೆ 100 ಕಿಲೋಮೀಟರ್ ಓಡುತ್ತೆ" ಅಂತ ಮಾರಿದವರು ಹೇಳಿದ್ದರು.

ಒಂದು ಮಧ್ಯಾಹ್ನ ಊರಿನ ಏರಿನಲ್ಲಿ ಸ್ಕೂಟರ್ ನಿಂತೇಬಿಟ್ಟಿತು. ಇನ್ನೂ 60 ಕಿಲೋಮೀಟರ್ ಕೂಡ ಆಗಿರಲಿಲ್ಲ. ಉರಿಬಿಸಿಲು. ಮೂರು ಕಿಲೋಮೀಟರ್ ತಳ್ಳಿಕೊಂಡೇ ಬಂದರು. ಸಂಜೆ ಕೇಂದ್ರಕ್ಕೆ ಬಂದವರೇ, "ನಂಗೆ ಮೋಸ ಆಯ್ತು. ಇದನ್ನ ಮಾರಿಬಿಡ್ತೀನಿ" ಅಂದರು. ಮಾರಿದರೆ ಕೊಟ್ಟ ಬೆಲೆ ಬರುವುದಿಲ್ಲ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಅವತ್ತು ನಾವು ಪಾಠದ ಪುಸ್ತಕ ಮುಚ್ಚಿದೆವು. ಸ್ಕೂಟರ್ ಬಗ್ಗೆಯೇ ಮಾತಾಡಿದೆವು.

ಬ್ಯಾಟರಿ ಅಂದರೆ ಕರೆಂಟ್ ತುಂಬಿಡುವ ಕೊಡ ಇದ್ದ ಹಾಗೆ. ನೀರನ್ನು ಲೀಟರಿನಲ್ಲಿ ಅಳೆಯುತ್ತೇವೆ. ಕರೆಂಟನ್ನು ಯೂನಿಟ್ಟಿನಲ್ಲಿ ಅಳೆಯುತ್ತೇವೆ. 100 ವ್ಯಾಟಿನ ಬಲ್ಬು 10 ಗಂಟೆ ಉರಿದರೆ ಒಂದು ಯೂನಿಟ್. ಅಕ್ಕನ ಬ್ಯಾಟರಿಯಲ್ಲಿ 3 ಯೂನಿಟ್ ಹಿಡಿಯುತ್ತದೆ. ಅದರಲ್ಲಿ 60 ಕಿಲೋಮೀಟರ್ ಓಡಿದರೆ ಒಂದು ಯೂನಿಟ್ಟಿಗೆ 20 ಕಿಲೋಮೀಟರ್ ಆಯಿತು. ಈ ಲೆಕ್ಕವನ್ನು ನೆನಪಿಡಿ. ಸ್ಕೂಟರ್ ಹೇಗಿದೆ ಅಂತ ಹೇಳುವುದು ಇದೇ ಲೆಕ್ಕ.

ಪೆಟ್ರೋಲಿಗಿಂತ ಇದು ಎಷ್ಟೋ ವಾಸಿ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ಟಿನಷ್ಟು ಶಕ್ತಿ ಇದೆ. ಅಷ್ಟರಲ್ಲಿ ಪೆಟ್ರೋಲ್ ಸ್ಕೂಟರ್ ಓಡುವುದು 45, 50 ಕಿಲೋಮೀಟರ್. ಉಳಿದ ಶಕ್ತಿ ಎಲ್ಲಿ ಹೋಯಿತು? ಬಹುಪಾಲು ಬಿಸಿಯಾಗಿ ಹೋಯಿತು. ಸೈಲೆನ್ಸರ್ ತಾಗಿ ಕಾಲು ಸುಟ್ಟುಕೊಂಡವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಅಲ್ಲಿ ಸುಡುವುದು ನಮ್ಮ ದುಡ್ಡೇ. ಕರೆಂಟ್ ಮೋಟಾರು ಹೀಗೆ ಹಾಳು ಮಾಡುವುದಿಲ್ಲ. ರೂಪಾಯಿಗೆ 80 ಪೈಸೆಗಿಂತ ಹೆಚ್ಚು ಕೆಲಸ ಕೊಡುತ್ತದೆ.

ಹಾಗಾದರೆ 100 ಕಿಲೋಮೀಟರ್ ಅಂದದ್ದು ಸುಳ್ಳೇ? ಪೂರ್ತಿ ಸುಳ್ಳಲ್ಲ. ಗಾಡಿಯನ್ನು ಪರೀಕ್ಷೆ ಮಾಡುವಾಗ ಒಳಗೆ ಉರುಳೆಯ ಮೇಲೆ ಓಡಿಸುತ್ತಾರೆ. ಅಲ್ಲಿ ಏರಿಲ್ಲ, ಗುಂಡಿಯಿಲ್ಲ, ಎದುರುಗಾಳಿಯಿಲ್ಲ, ಹೂವಿನ ಬುಟ್ಟಿಯೂ ಇಲ್ಲ. ನಮ್ಮ ರಸ್ತೆಯಲ್ಲಿ ಅಷ್ಟು ಬರುವುದಿಲ್ಲ. ಕೊಳ್ಳುವ ಮೊದಲೇ ಇದನ್ನು ಬಿಡಿಸಿ ಹೇಳಬೇಕಿತ್ತು. ಹೇಳಲಿಲ್ಲ. ಆದರೆ 60 ತೀರಾ ಕಡಿಮೆ. ಕೊಡ ಎಲ್ಲೋ ಸೋರುತ್ತಿದೆ ಅಂತ ನಮಗೆ ಅನ್ನಿಸಿತು.

ಮಾರನೆಯ ದಿನ ಎಲ್ಲರೂ ಸೇರಿ ನೋಡಿದೆವು. ಹಿಂದಿನ ಚಕ್ರದಲ್ಲಿ ಗಾಳಿ ಕಡಿಮೆ ಇತ್ತು. ಗಾಳಿ ಇಲ್ಲದ ಸೈಕಲ್ ತುಳಿದವರಿಗೆ ಇದು ಗೊತ್ತು. ಟೈರ್ ನೆಲಕ್ಕೆ ಅಪ್ಪಚ್ಚಿಯಾಗುತ್ತಾ ಉರುಳುತ್ತದೆ. ಹಾಗೆ ಹಿಸುಕಲು ಶಕ್ತಿ ಬೇಕು. ಎಷ್ಟು ಗಾಳಿ ಬೇಕು ಅಂತ ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ. ಅಕ್ಕ ಅದನ್ನು ತಾವೇ ಹುಡುಕಿ ಓದಿದರು. ಆಮೇಲೆ ಗಾಡಿಯ ಸ್ವಿಚ್ ಆರಿಸಿ, ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಎತ್ತಿ ಕೈಯಿಂದ ತಿರುಗಿಸಿದೆವು. ಅರ್ಧ ಸುತ್ತಿಗೇ ನಿಂತಿತು! ಬ್ರೇಕ್ ಬಿಗಿಯಾಗಿ ಚಕ್ರವನ್ನು ಉಜ್ಜುತ್ತಿತ್ತು. ಇಷ್ಟು ದಿನ ಅಕ್ಕ ಬ್ರೇಕ್ ಹಿಡಿದುಕೊಂಡೇ ಗಾಡಿ ಓಡಿಸಿದ ಹಾಗಾಯಿತು. ಮೆಕ್ಯಾನಿಕ್ ಹತ್ತೇ ನಿಮಿಷದಲ್ಲಿ ಸಡಿಲ ಮಾಡಿಕೊಟ್ಟ.

ಇನ್ನು ವೇಗ. "ಬೇಗ ಹೋದ್ರೆ ಬೇಗ ಮುಗಿಯುತ್ತಲ್ವಾ, ಕರೆಂಟ್ ಉಳಿಯಲ್ವಾ?" ಅಂತ ಒಬ್ಬರು ಕೇಳಿದರು. ಇಲ್ಲ. ವೇಗ ಏರಿದ ಹಾಗೆ ಗಾಳಿ ಎದೆಗೆ ಕೈಕೊಟ್ಟು ಹಿಂದಕ್ಕೆ ತಳ್ಳುತ್ತದೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. 40ರ ವೇಗಕ್ಕಿಂತ 60ರ ವೇಗದಲ್ಲಿ ತಡೆ ಎರಡರಷ್ಟಕ್ಕೂ ಹೆಚ್ಚು. ಅಕ್ಕ ಅಗಲದ ಬುಟ್ಟಿಗಳನ್ನು ಎರಡೂ ಪಕ್ಕಕ್ಕೆ ಕಟ್ಟುತ್ತಿದ್ದರು. ಅವು ಗಾಳಿಗೆ ಗೋಡೆಯಂತೆ ನಿಲ್ಲುತ್ತಿದ್ದವು. ಈಗ ಬುಟ್ಟಿಗಳು ಬೆನ್ನ ಹಿಂದೆ ಬಂದಿವೆ. ಸೀಟಿನ ಕೆಳಗೆ ಸುಮ್ಮನೆ ಬಿದ್ದಿದ್ದ ಕಬ್ಬಿಣದ ತೂಕದ ಬಟ್ಟುಗಳು ಮನೆ ಸೇರಿವೆ. ಏರು ಹತ್ತುವಾಗ ಒಂದೊಂದು ಕಿಲೋ ಭಾರವೂ ಲೆಕ್ಕಕ್ಕೆ ಬರುತ್ತದೆ.

ಕರೆಂಟ್ ಗಾಡಿಯಲ್ಲಿ ಒಂದು ಸೊಗಸಾದ ಉಪಾಯವೂ ಇದೆ. ಹಳೆಯ ಸೈಕಲ್ಲಿನ ಡೈನಮೋ ನೋಡಿದ್ದೀರಲ್ಲ? ಚಕ್ರ ತಿರುಗಿದರೆ ದೀಪ ಹತ್ತುತ್ತಿತ್ತು. ಹಲವು ಸ್ಕೂಟರುಗಳಲ್ಲಿ ಎಕ್ಸಲೇಟರ್ ಬಿಟ್ಟಾಗ ಮೋಟಾರೇ ಡೈನಮೋ ಆಗುತ್ತದೆ. ಗಾಡಿಯ ಓಟದಿಂದಲೇ ಕರೆಂಟ್ ಹುಟ್ಟಿ ಬ್ಯಾಟರಿಗೆ ವಾಪಸ್ ಹೋಗುತ್ತದೆ. ಬೆಂಗಳೂರಿನ ಕರೆಂಟ್ ಬಸ್ಸುಗಳಲ್ಲೂ ಇದೇ ಉಪಾಯ. ಪೂರ್ತಿ ವಾಪಸ್ ಬರುವುದಿಲ್ಲ, ಚಿಲ್ಲರೆ ಬರುತ್ತದೆ ಅಷ್ಟೆ. ಗಕ್ಕನೆ ಬ್ರೇಕ್ ಒತ್ತಿದರೆ ಆ ಚಿಲ್ಲರೆಯೂ ಬ್ರೇಕಿನ ಬಿಸಿಯಲ್ಲಿ ಹೋಗುತ್ತದೆ. ದೂರದಿಂದಲೇ ಹಂಪ್ ನೋಡಿ, ಕೈ ಸಡಿಲಿಸಿ, ನಿಧಾನವಾಗಿ ಬರಬೇಕು. ಎದುರಿಗೆ ದನ ಅಡ್ಡ ಬಂದಾಗ ಮಾತ್ರ ಈ ಲೆಕ್ಕವೆಲ್ಲ ಬೇಡ. ಬ್ರೇಕ್ ಒತ್ತಿ!

ಚಾರ್ಜ್ ಮಾಡುವಾಗಲೂ ಸ್ವಲ್ಪ ಕರೆಂಟ್ ಬಿಸಿಯಾಗಿ ಹೋಗುತ್ತದೆ. 3 ಯೂನಿಟ್ ತುಂಬಲು ನಮ್ಮ ಮೀಟರಿನಲ್ಲಿ ಸುಮಾರು ಮೂರೂವರೆ ಯೂನಿಟ್ ಓಡುತ್ತದೆ. ಪ್ಲಗ್ ಸಡಿಲವಿದ್ದರೆ ಅದೂ ಕಾಯುತ್ತದೆ. ಬೆಂಕಿಯ ಭಯವೂ ಇದೆ. ಗಾಡಿಯ ಜೊತೆ ಕೊಟ್ಟ ಚಾರ್ಜರ್ ಅನ್ನೇ ಬಳಸಿ. ಅರ್ತಿಂಗ್ ಇರುವ ಪ್ಲಗ್ಗಿಗೇ ಹಾಕಿ. ಬಿಸಿಲಿನಿಂದ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ. ಗಾಡಿ ನೆರಳಿನಲ್ಲಿ ತಣಿಯಲಿ. ಬಿಸಿ ಹೆಚ್ಚಾದಷ್ಟೂ ಬ್ಯಾಟರಿಯ ಆಯಸ್ಸು ಕಡಿಮೆ. ಹೊಸ ಬ್ಯಾಟರಿ ಕೊಳ್ಳುವುದೆಂದರೆ ಇನ್ನೊಂದು ಸಾಲ.

"ಕರೆಂಟ್ ಫ್ರೀ ಅಲ್ವಾ, ಯಾಕೆ ಇಷ್ಟು ಲೆಕ್ಕ?" ಅಂತಲೂ ಕೇಳಿದರು. 2023ರಲ್ಲಿ ಗೃಹಜ್ಯೋತಿ ಬಂತು, ನಿಜ. ಆದರೆ ಮನೆಯ ಹಳೆಯ ಸರಾಸರಿ ನೋಡಿ ಇಷ್ಟು ಯೂನಿಟ್ ಅಂತ ಗೊತ್ತು ಮಾಡಿರುತ್ತಾರೆ. ಅದಕ್ಕಿಂತ ಹೆಚ್ಚು ಉರಿಸಿದ್ದಕ್ಕೆ ದುಡ್ಡು ಕಟ್ಟಬೇಕು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮದೇ. ದಿನಕ್ಕೆ ಮೂರೂವರೆ ಯೂನಿಟ್ ಅಂದರೆ ತಿಂಗಳಿಗೆ ನೂರು ದಾಟುತ್ತದೆ.

ಅಕ್ಕ ಈಗ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಚಾರ್ಜಿಗೆ ಹಾಕುವ ಮೊದಲು ಮೀಟರ್ ಓದುತ್ತಾರೆ. ತೆಗೆದ ಮೇಲೆ ಮತ್ತೆ ಓದುತ್ತಾರೆ. ಪಕ್ಕದಲ್ಲಿ ಓಡಿದ ಕಿಲೋಮೀಟರ್ ಬರೆಯುತ್ತಾರೆ. ಹೋದ ವಾರ ಒಮ್ಮೆ ತುಂಬಿಸಿದ್ದಕ್ಕೆ 80 ಕಿಲೋಮೀಟರ್ ಬಂದಿದೆ. ಮಳೆ ಬಂದ ದಿನ 74 ಅಂತ ಇದೆ. ಒಂದು ಕಡೆ ಏಳು ಮತ್ತು ಒಂದು ಗಲಿಬಿಲಿಯಾಗಿದೆ, ತಿದ್ದಿದ್ದಾರೆ. ಸ್ಕೂಟರ್ ಮಾರುವ ಮಾತು ಅವರು ಮತ್ತೆ ಎತ್ತಿಲ್ಲ. ಈಗ ಇನ್ನೊಬ್ಬ ತಂಗಿ ತನ್ನ ಗಂಡನ ಕರೆಂಟ್ ಆಟೋದ ಲೆಕ್ಕವನ್ನೂ ಹಾಗೇ ಬರೆಯಲು ಹೊರಟಿದ್ದಾಳೆ. ಮೊದಲ ಪುಟಕ್ಕೆ ಗೆರೆ ಹಾಕಿಕೊಟ್ಟಿದ್ದು ಹೂವಿನ ಅಕ್ಕನೇ.