ವಿಕರ್ ಮನೆ ಯಾರ ಹೆಸರಿನಲ್ಲಿದೆ?

ಇಂಗ್ಲೆಂಡಿನ ಹಳ್ಳಿಯಲ್ಲಿ ಚರ್ಚಿನ ಪಕ್ಕದ ದೊಡ್ಡ ಬಂಗಲೆಗೆ ‘ದಿ ಓಲ್ಡ್ ರೆಕ್ಟರಿ’ (ಪಾದ್ರಿಗಳ ಹಳೆಯ ಮನೆ) ಎಂಬ ಫಲಕವಿದ್ದರೆ, ಪಾದ್ರಿಗಳನ್ನು ಹುಡುಕಿಕೊಂಡು ಆ ಬಾಗಿಲು ತಟ್ಟಬೇಡಿ. ಅದು ಮಾರಾಟವಾಗಿ ಬಹಳ ಕಾಲವಾಗಿರುತ್ತದೆ. ಬೆಚ್ಚಗಿಡುವುದಕ್ಕೂ ರಿಪೇರಿಗೂ ದುಬಾರಿಯಾದ ಇಂಥ ಹಳೆಯ ಮನೆಗಳನ್ನು ಚರ್ಚ್ ಆಫ್ ಇಂಗ್ಲೆಂಡ್ 20ನೇ ಶತಮಾನದಲ್ಲಿ ಸಾಲುಸಾಲಾಗಿ ಮಾರಿತು. ಈಗಿನ ಪಾದ್ರಿಗಳು ಹತ್ತಿರದಲ್ಲೇ ಸಾದಾ ಮನೆಯೊಂದರಲ್ಲಿರುತ್ತಾರೆ. ಅದೇ ವಿಕರೇಜ್, ಅಂದರೆ ಊರಿನ ಚರ್ಚ್ ನೋಡಿಕೊಳ್ಳುವ ವಿಕರ್‌ಗೆ ಕೊಟ್ಟ ಮನೆ.

ಹಾಗಾದರೆ ಮಾಲೀಕರು ಯಾರು? ಕಾಗದದ ಮೇಲೆ ವಿಕರ್ ಅವರೇ! ಆದರೆ ವ್ಯಕ್ತಿಯಾಗಿ ಅಲ್ಲ, ಹುದ್ದೆಯಾಗಿ. ಇದಕ್ಕೆ ‘ಕಾರ್ಪೊರೇಷನ್ ಸೋಲ್’ ಎನ್ನುತ್ತಾರೆ. ಒಬ್ಬರೇ ಇರುವ ಹುದ್ದೆಯನ್ನು ಕಾನೂನು ಒಂದು ಸಂಸ್ಥೆಯೆಂದೇ ಎಣಿಸುತ್ತದೆ. ಆದ್ದರಿಂದ ಅವರು ಆ ಮನೆಯನ್ನು ಮಕ್ಕಳ ಹೆಸರಿಗೆ ಬರೆಯುವಂತಿಲ್ಲ, ತಮ್ಮಿಷ್ಟಕ್ಕೆ ಮಾರುವಂತಿಲ್ಲ.

‘ನನಗೆ ಸ್ವಂತ ಮನೆಯಿದೆ, ಇದು ಬೇಡ’ ಎನ್ನಬಹುದೇ? ಸಾಮಾನ್ಯವಾಗಿ ಆಗದು. ಅಲ್ಲಿ ವಾಸಿಸುವುದೂ ಕೆಲಸದ ಭಾಗ. ಮನೆಯ ವಿನ್ಯಾಸ ನೋಡಿದರೆ ಕಾರಣ ತಿಳಿಯುತ್ತದೆ. ಚರ್ಚಿನ ಮಾರ್ಗದರ್ಶಿ ಹೇಳುವುದು ನಾಲ್ಕು ಮಲಗುವ ಕೋಣೆ, ಜೊತೆಗೆ ಮುಂಬಾಗಿಲ ಹತ್ತಿರವೇ ಒಂದು ಓದುಕೋಣೆ. ಮದುವೆ ಗೊತ್ತುಮಾಡಲು ಬಂದವರು, ಸಾವಿನ ಸುದ್ದಿ ತಂದವರು ಅಡುಗೆಮನೆ ದಾಟದೆ ಅಲ್ಲೇ ಕೂತು ಮಾತಾಡಬಹುದು. ಮನೆಯವರಿಗೂ ಸ್ವಲ್ಪ ನೆಮ್ಮದಿ.

ಖರ್ಚಿನ ಮಾತು. ಬಾಡಿಗೆ ಇಲ್ಲ. ಕೌನ್ಸಿಲ್ ಟ್ಯಾಕ್ಸ್, ಅಂದರೆ ಅಲ್ಲಿನ ಮನೆ ತೆರಿಗೆ, ಚರ್ಚಿನ ಕಡೆಯಿಂದ ಹೋಗುತ್ತದೆ. ದೊಡ್ಡ ರಿಪೇರಿ ಡಯಾಸಿಸ್ ಹೊಣೆ. ಡಯಾಸಿಸ್ ಎಂದರೆ ಬಿಷಪ್ ಆಡಳಿತದ ಪ್ರಾಂತ. 1972ರ ಕಾಯಿದೆಯಂತೆ ಐದು ವರ್ಷಕ್ಕೊಮ್ಮೆ ಮನೆಯ ತಪಾಸಣೆ ನಡೆಯುತ್ತದೆ. ಗ್ಯಾಸ್, ಕರೆಂಟು ಬಿಲ್ ವಿಕರ್ ಅವರದೇ. ಆದರೆ ಇದನ್ನು ಪುಕ್ಕಟೆ ಮನೆ ಎನ್ನುವುದು ನನಗೆ ಸರಿ ಕಾಣುವುದಿಲ್ಲ. ಸಂಬಳ ಕಡಿಮೆಯಿರುವುದೇ ಮನೆಯನ್ನೂ ಲೆಕ್ಕಕ್ಕೆ ಹಿಡಿದು.

ಸಂಬಳವಿಲ್ಲದೆ ಸೇವೆ ಮಾಡುವ ಪಾದ್ರಿಗಳೂ ಇದ್ದಾರೆ. ಅವರಿಗೆ ‘ಹೌಸ್ ಫಾರ್ ಡ್ಯೂಟಿ’ ಎಂಬ ದಾರಿಯಿದೆ. ಭಾನುವಾರದ ಜೊತೆಗೆ ವಾರದಲ್ಲಿ ಸುಮಾರು ಎರಡು ದಿನ ಕೆಲಸ, ಅದಕ್ಕೆ ಬದಲು ಮನೆ.

ನಿವೃತ್ತಿಯಾದರೆ ವಿಕರ್ ಮನೆ ಖಾಲಿ ಮಾಡಬೇಕು. ಕರ್ನಾಟಕದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭಾಪಾಲಕರೂ ವರ್ಗವಾದಾಗ ಪಾರ್ಸನೇಜ್ ಬಿಟ್ಟು ಹೊರಡುತ್ತಾರಲ್ಲ, ಆದರೆ ಅವರಿಗೆ ಮುಂದಿನ ಊರಲ್ಲಿ ಇನ್ನೊಂದು ಸಿಗುತ್ತದೆ. ನಿವೃತ್ತರಿಗೆ ಸಿಗದು. ಅಂಥವರಿಗಾಗಿ ಚರ್ಚಿನ ಪೆನ್ಷನ್ಸ್ ಬೋರ್ಡ್ ಬಾಡಿಗೆ ಮನೆಗಳನ್ನು ಇಟ್ಟಿದೆ. ಅರ್ಜಿಯ ವಿಚಾರವನ್ನು ಕೊನೆಯ ವರ್ಷದವರೆಗೆ ಎಳೆಯದೆ ಮೊದಲೇ ಕೇಳಿಡುವುದು ಒಳ್ಳೆಯದು.