ಅರ್ಪಣೆಯ ಪುಟ

ಹೊಸ ಗ್ರಂಥವೊಂದು ಕೈಗೆ ಬಂದಾಗ ಅದರ ಅರ್ಪಣೆಯ ಪುಟವನ್ನು ಹಾಗೆಯೇ ಮಗುಚಿ ಮುಂದುವರಿಯುವವರೇ ಹೆಚ್ಚು. ನಾನಾದರೋ ಮೊದಲು ಅಲ್ಲಿಯೇ ನಿಲ್ಲುತ್ತೇನೆ. ಉಳಿದ ಪುಟಗಳಲ್ಲಿ ಕಾಣುವುದು ಲೇಖಕನ ಗಳಿಕೆ. ಆ ಒಂದು ಪುಟದಲ್ಲಿ ಕಾಣುವುದು ಅವನ ಋಣ.

ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ 22,000ಕ್ಕೂ ಮಿಕ್ಕ ಪಂಕ್ತಿಗಳ ಮಹಾಕಾವ್ಯ. ಅದಕ್ಕೆ 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಮುಂದೆ 1967ರ ಜ್ಞಾನಪೀಠ ಪ್ರಶಸ್ತಿಯೂ ಸಂದವು. ಅಂತಹ ಕೃತಿಯನ್ನು ಕವಿ ಒಪ್ಪಿಸಿದ್ದು ಅರಸನಿಗಲ್ಲ, ಧನಿಕನಿಗಲ್ಲ. ತಮ್ಮ ಗುರುಗಳಾದ ಟಿ. ಎಸ್. ವೆಂಕಣ್ಣಯ್ಯನವರಿಗೆ. ಕಾವ್ಯ ಅಚ್ಚಾಗುವ ವೇಳೆಗೆ ಆ ಗುರುಗಳು ಇರಲಿಲ್ಲ, 1939ರಲ್ಲಿಯೇ ತೀರಿಕೊಂಡಿದ್ದರು.

ಈ ಋಣದ ಬೇರನ್ನು ಅರಸುತ್ತ ಹೋದರೆ ನಾವು ಮಲೆನಾಡಿನ ಕುಪ್ಪಳಿಯ ಮನೆಯನ್ನು ಮುಟ್ಟುತ್ತೇವೆ. ಕಾಡಿನ ನಡುವಣ ಆ ಮನೆಗೆ ಹಿರಿಯರು ದಕ್ಷಿಣ ಕನ್ನಡದಿಂದ ಐಗಳೊಬ್ಬರನ್ನು ಕರೆಸಿ ಮಕ್ಕಳಿಗೆ ಅಕ್ಷರ ಹೇಳಿಸಿದರು. ಆ ಬಾಲಕ ಮುಂದೆ ತೀರ್ಥಹಳ್ಳಿಗೂ ಅಲ್ಲಿಂದ ಮೈಸೂರಿಗೂ ಓದಲು ಹೋದುದಕ್ಕೆ ಇದೇ ಮೊದಲು. ತಂದೆ ವೆಂಕಟಪ್ಪಗೌಡರು ಮಗನ ಎಳವೆಯಲ್ಲಿಯೇ ಕಣ್ಮುಚ್ಚಿದರು. ತಾವು ತೆರೆದ ಬಾಗಿಲು ಎಲ್ಲಿಗೆ ಒಯ್ಯುವುದೆಂಬುದು ಅವರಿಗೆ ತಿಳಿದಿರಲಾರದು.

ಮೈಸೂರಿನಲ್ಲಿ ಆ ತರುಣ ಇಂಗ್ಲಿಷಿನಲ್ಲಿ ಕವಿತೆ ಕಟ್ಟತೊಡಗಿದರು. 1922ರಲ್ಲಿ ಕಿರುಹೊತ್ತಗೆಯೊಂದು ಪ್ರಕಟವೂ ಆಯಿತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಊರಿಗೆ ಬಂದಾಗ ತಮ್ಮ ಕವಿತೆಗಳನ್ನು ಅವರಿಗೆ ತೋರಿಸಿದರು. ದೊಡ್ಡವರು ಎರಡು ಮೆಚ್ಚುಗೆಯ ಮಾತನಾಡಿ ಕಳುಹಿಸಬಹುದಾಗಿತ್ತು. ಕಸಿನ್ಸ್ ಹಾಗೆ ಮಾಡದೆ, ತಾಯ್ನುಡಿಯಲ್ಲಿ ಬರೆಯುವಂತೆ ಹೇಳಿದರು. ಮಗುವಿನ ಕನಸನ್ನು ಪ್ರೋತ್ಸಾಹಿಸುವುದೆಂದರೆ ಹೊಗಳುವುದೆಂದು ನಾವು ತಿಳಿದಿದ್ದೇವೆ. ಆದರೆ ಆ ಕನಸು ಯಾವ ನೆಲದಲ್ಲಿ ಬೇರೂರಬಲ್ಲುದೆಂದು ತೋರಿಸುವುದು ಅದಕ್ಕಿಂತ ದೊಡ್ಡ ಪ್ರೋತ್ಸಾಹವಲ್ಲವೆ?

ಕಸಿನ್ಸರದು ಒಂದು ದಿನದ ಮಾತು. ವೆಂಕಣ್ಣಯ್ಯನವರದು ವರ್ಷಗಳ ಒಡನಾಟ. ಕನ್ನಡದ ಪ್ರಾಧ್ಯಾಪಕರಾಗಿದ್ದ ಅವರು ತಾವು ಬರೆದುದಕ್ಕಿಂತ ಇತರರಿಂದ ಬರೆಯಿಸಿದುದೇ ಹೆಚ್ಚೆಂದು ಹೇಳುವುದುಂಟು. ಶಿಷ್ಯನು ತನಗಿಂತ ಎತ್ತರಕ್ಕೆ ಬೆಳೆಯುವುದನ್ನು ಕಂಡು ಹಿಗ್ಗುವ ಮನಸ್ಸು ಎಲ್ಲ ವಿದ್ವಾಂಸರಿಗೂ ಇರುವುದಿಲ್ಲ. ಅದು ಉಳ್ಳವರೇ ನಿಜವಾದ ಗುರುಗಳು.

ಇಂದು ನಮ್ಮ ಮನೆಗಳಲ್ಲಿ ನಡೆಯುತ್ತಿರುವುದನ್ನು ಇದರೊಡನೆ ಹೋಲಿಸಿ ನೋಡಿದಾಗ ನನಗೆ ಕಳವಳವಾಗುತ್ತದೆ. ತಾಯಿತಂದೆಯರು ತಮಗೆ ಕೈಗೂಡದ ಆಸೆಯನ್ನೇ ಮಗುವಿನ ಕನಸೆಂದು ಹೆಸರಿಸುತ್ತಾರೆ. ಉಪಾಧ್ಯಾಯರನ್ನು ಸಮಾಜ ಪರೀಕ್ಷೆಯ ಅಂಕಗಳಿಂದ ಅಳೆಯುತ್ತದೆ. ಅವರೂ ಮಕ್ಕಳನ್ನು ಅದರಿಂದಲೇ ಅಳೆಯಬೇಕಾಗುತ್ತದೆ. ಹೀಗೆ ಕಲಿತ ಮಗು ಪರೀಕ್ಷೆ ಮುಗಿದ ದಿನವೇ ಪುಸ್ತಕವನ್ನು ಮುಚ್ಚಿದರೆ ಅದರ ತಪ್ಪೇನು? ಕಲಿಕೆ ಬಾಳಿನುದ್ದಕ್ಕೂ ಉಳಿಯಬೇಕಾದರೆ ಅಂಕಕ್ಕಿಂತ ಆಚೆಗೆ ಒಂದು ಸುಖ ಅದರಲ್ಲಿದೆಯೆಂಬುದನ್ನು ಮಗು ಹಿರಿಯರ ಮುಖದಲ್ಲಿ ಕಾಣಬೇಕು.

ಗುರುಋಣವನ್ನು ಗುರುವಿಗೇ ತೀರಿಸಲು ಬಾರದು, ಮುಂದಿನವರಿಗೆ ತೀರಿಸಬೇಕು. ಕುವೆಂಪು 1929ರಲ್ಲಿ ಮಹಾರಾಜಾ ಕಾಲೇಜಿನ ಅಧ್ಯಾಪಕರಾದರು. ಅವರ ಶಿಷ್ಯರಲ್ಲೊಬ್ಬರಾದ ಜಿ. ಎಸ್. ಶಿವರುದ್ರಪ್ಪನವರು ತಾವೂ ಮೇಷ್ಟರಾಗಿ ಕೆಲವು ತಲೆಮಾರುಗಳನ್ನು ತಿದ್ದಿದರು. 2006ರಲ್ಲಿ ಗುರುವಿನಂತೆಯೇ ರಾಷ್ಟ್ರಕವಿಗಳೂ ಆದರು. ಕುಪ್ಪಳಿಗೆ ಬಂದಿದ್ದ ಆ ಐಗಳಿಗೆ ಇದರ ಸುಳಿವಾದರೂ ಇದ್ದೀತೆ?

ಸಂಜೆ ಮಗು ಪ್ರಶ್ನೆಯೊಂದನ್ನು ಹಿಡಿದು ಬಂದಾಗ ‘ಆಮೇಲೆ ನೋಡೋಣ’ ಎನ್ನದೆ ಕಿವಿಗೊಡುವ ತಾಯಿ, ಗಂಟೆ ಬಾರಿಸಿದ ಮೇಲೂ ಒಬ್ಬ ಹುಡುಗನಿಗಾಗಿ ತರಗತಿಯಲ್ಲಿ ನಿಲ್ಲುವ ಮೇಷ್ಟರು, ಇವರ ಹೆಸರು ಯಾವ ಗ್ರಂಥದ ಅರ್ಪಣೆಯಲ್ಲಿಯೂ ಬಾರದಿರಬಹುದು. ಆದರೂ ಬರೆಯಲಿರುವ ಗ್ರಂಥಗಳೆಲ್ಲ ಮೊದಲಾಗುವುದು ಅಂತಹವರಿಂದಲೇ.